ಲಗಾಮು ಕೈಗೆ ಬರುವ ಮೊದಲು

ಈ ಬರಹದ ವಿಷಯವನ್ನು ಕೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಾರೆಂದು ತಿಳಿದೇ ಬರೆಯಲು ಕುಳಿತಿದ್ದೇನೆ. ಊಟಿಯ ಕೆರೆಯ ಬಳಿ ನೀವೆಲ್ಲರೂ ಕುದುರೆಯ ಮೇಲೆ ಕೂರಬೇಕೆಂದು ಹಟ ಹಿಡಿದು, ತಲೆಗಿಷ್ಟು ಎಂದು ಚೌಕಾಸಿ ಮಾಡಿ, ಸಾಲಾಗಿ ಸವಾರಿ ಹೊರಟಾಗ ದೂರದಲ್ಲಿ ನಿಮ್ಮ ಚೀಲಗಳನ್ನು ಕಾಯುತ್ತ ನಿಂತಿದ್ದ ಮೇಷ್ಟರು ಯಾರೆಂಬುದು ನಿಮಗೆ ನೆನಪಿರಬಹುದು. ಚೀಲ ಕಾಯುವುದು ನೆಪ. ಕುದುರೆಯ ಭಯವೇ ನಿಜ. ಅಂತಹ ನಾನು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕುದುರೆ ಏರಿದ್ದೇನೆ! ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೆ. ಕುದುರೆಯಿಂದ ಇಳಿದ ಮೇಲೆ ಬರುವ ಕಾಲುನೋವು ಅದಕ್ಕಿಂತ ಬಹಳ ದೊಡ್ಡದೆಂದು ಈಗ ಅನುಭವದಿಂದ ಹೇಳಬಲ್ಲೆ.

ಇದಕ್ಕೆಲ್ಲ ಕಾರಣಳು ನನ್ನ ಮೊಮ್ಮಗಳು. ಹನ್ನೊಂದು ವರ್ಷದ ಹುಡುಗಿ. ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಗೆ ಭಾನುವಾರಗಳಂದು ಹೋಗುತ್ತಾಳೆ. ಮಗಳು, ಅಳಿಯ ಇಬ್ಬರಿಗೂ ವಾರಕ್ಕೊಮ್ಮೆಯಾದರೂ ತಡವಾಗಿ ಏಳುವ ಆಸೆ. ಹಾಗಾಗಿ ಬೆಳಗಿನ ಆರೂವರೆಗೆ ಅವಳನ್ನು ಕರೆದುಕೊಂಡು ಹೋಗುವ ಕೆಲಸ ತಾತನ ಪಾಲಿಗೆ ಬಂತು. ಅಲ್ಲಿ ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಮರಳು ಹಾಸಿದ ಅಂಗಳದಲ್ಲಿ ಮಕ್ಕಳು ಸುತ್ತು ಹಾಕುವುದನ್ನು ಎರಡು ತಿಂಗಳು ನೋಡಿದೆ. ಮೂವತ್ತಾರು ವರ್ಷ ಪಾಠ ಹೇಳಿದವನು ಇನ್ನೊಬ್ಬರು ಪಾಠ ಹೇಳುವುದನ್ನು ಸುಮ್ಮನೆ ನೋಡಲಾರ. ಹೇಳಿಕೊಡುವವನ ಧ್ವನಿ, ಕಲಿಯುವವನ ಮುಖ, ತಪ್ಪಾದಾಗ ಇಬ್ಬರೂ ಏನು ಮಾಡುತ್ತಾರೆ ಎಂಬುದರ ಕಡೆಗೇ ನನ್ನ ಗಮನ ಹೋಗುತ್ತಿತ್ತು.

ಅಲ್ಲಿ ಕಲಿಸುವವರು ಇಬ್ಬರು. ಒಬ್ಬ ತರುಣ, ಒಳ್ಳೆಯ ಹುಡುಗ, ಚುರುಕಾಗಿದ್ದಾನೆ. ಮೊದಲ ದಿನವೇ ಮಗುವನ್ನು ಜೀನಿನ ಮೇಲೆ ಕೂರಿಸಿ, ಎರಡು ಕೈಗೂ ಲಗಾಮು ಕೊಟ್ಟು, ಒಂದು ಗಿಡ್ಡ ಚಾವಟಿಯನ್ನೂ ಕೊಟ್ಟು, "ಒದಿ, ಒದಿ, ಇನ್ನೂ ಜೋರಾಗಿ ಒದಿ!" ಎಂದು ಕೂಗುವುದು ಅವನ ಪದ್ಧತಿ. ಬೇಲಿಯ ಆಚೆ ನಿಂತ ತಂದೆತಾಯಿಯರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಮಗುವಿಗೆ ಸಂತೋಷ, ಅವರಿಗೂ ಸಂತೋಷ. ಇನ್ನೊಬ್ಬರು ಬೆಳಗಾವಿ ಜಿಲ್ಲೆಯವರು, ಸೈನ್ಯದಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಅವರ ಬಳಿ ಕಲಿಯುವ ಮಕ್ಕಳು ಕಡಿಮೆ. ಏಕೆಂದರೆ ಮೊದಲ ಮೂರು ನಾಲ್ಕು ತರಗತಿಗಳಲ್ಲಿ ಅವರು ಮಕ್ಕಳಿಗೆ ಲಗಾಮನ್ನೇ ಕೊಡುವುದಿಲ್ಲ. "ದುಡ್ಡು ಕೊಟ್ಟು ಕುದುರೆಯ ಮೈ ಉಜ್ಜಲು ಬಂದೆವೇ?" ಎಂದು ಒಬ್ಬ ತಾಯಿ ನನ್ನೆದುರಿಗೇ ಗೊಣಗಿದರು. ನನ್ನ ಮೊಮ್ಮಗಳು ಅದೃಷ್ಟವಶಾತ್ ದಫೇದಾರರ ಪಾಲಿಗೆ ಬಂದಿದ್ದಳು. ಆದರೆ ಆಗ ಅದನ್ನು ಅದೃಷ್ಟವೆಂದು ನಾನೂ ತಿಳಿದಿರಲಿಲ್ಲ.

ಒಂದು ಭಾನುವಾರ ಮಳೆ ಬಂದು ಮಕ್ಕಳು ಬರಲಿಲ್ಲ. ದಫೇದಾರರು ನನ್ನ ಬಳಿ ಬಂದು, "ಮಾಸ್ತರ್ರ, ಎಷ್ಟ್ ದಿನ ಹಿಂಗ ಖುರ್ಚಿ ಮ್ಯಾಲ ಕುಂಡ್ರತೀರಿ? ಬರ್ರಿ, ಇದರ ಮ್ಯಾಲೂ ಒಮ್ಮೆ ಕುಂಡ್ರಿ" ಎಂದರು. ನನ್ನ ಭಯವನ್ನು ಹೇಳಿಕೊಂಡೆ. "ಭಯ ಇರ್ಲಿ. ಅದನ್ನ ಮುಚ್ಚಿಡಾಕ ಹೋಗಬ್ಯಾಡ್ರಿ, ಅಷ್ಟ" ಎಂದರು. ಮುಂದಿನ ವಾರ ವೈದ್ಯರ ಒಪ್ಪಿಗೆ ಪಡೆದು, ಮಗಳ ಬೈಗುಳವನ್ನೂ ಕೇಳಿಸಿಕೊಂಡು, ಶಿರಸ್ತ್ರಾಣ ಧರಿಸಿ ನಿಂತೆ.

ನನಗೆ ಗೊತ್ತುಮಾಡಿದ್ದು ಹದಿನೇಳು ವರ್ಷದ ಒಂದು ಕಂದುಬಣ್ಣದ ಹೆಣ್ಣುಕುದುರೆ. ಹೆಸರು ಚಾಂದನಿ. ಯೌವನದಲ್ಲಿ ರೇಸಿನಲ್ಲಿ ಓಡಿದ್ದು, ಅಲ್ಲಿಂದ ಬಿಡುಗಡೆಯಾದ ಮೇಲೆ ಇಲ್ಲಿಗೆ ಬಂದದ್ದು. ನನ್ನಂತೆಯೇ ನಿವೃತ್ತಿಯ ನಂತರ ಮಕ್ಕಳನ್ನು ಆಡಿಸುವ ಕೆಲಸ ಹಚ್ಚಿಕೊಂಡದ್ದು ಎನ್ನಿ.

ಮೊದಲ ಪಾಠ ಲಾಯದಲ್ಲಿ. ನಾನು ನೇರವಾಗಿ ಅದರ ಮುಖದ ಎದುರಿಗೆ ಹೋಗಿ, ನಾಯಿಮರಿಯನ್ನು ಸವರುವಂತೆ ಹಣೆಗೆ ಕೈಯೊಡ್ಡಿದೆ. ಕುದುರೆ ತಲೆಯನ್ನು ಸರ್ರನೆ ಮೇಲೆತ್ತಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಆಗ ತಿಳಿದ ಸಂಗತಿ ಇದು: ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿಗಳಷ್ಟು ಕಾಣುತ್ತದೆ, ಕಾಣದಿರುವುದು ಎರಡೇ ಜಾಗ. ಒಂದು ಅದರ ಬಾಲದ ಹಿಂದೆ, ಇನ್ನೊಂದು ನೇರ ಹಣೆಯ ಮುಂದೆ, ಮೂಗಿನ ಕೆಳಗೆ. ನಾನು ಪ್ರೀತಿಯಿಂದ ಕೈಯೊಡ್ಡಿದ್ದೆನೆಂದು ನನಗೆ ಗೊತ್ತು. ಅದರ ಪಾಲಿಗೆ ಎಲ್ಲಿಂದಲೋ ಬಂದ ಒಂದು ವಸ್ತು ಕಣ್ಣು ಕಾಣದ ಜಾಗದಲ್ಲಿ ಮಾಯವಾಗಿ ಹಣೆಗೆ ತಾಕಿತು. ಭುಜದ ಕಡೆಯಿಂದ ಮಾತನಾಡಿಸುತ್ತ ಹೋಗಬೇಕು, ಹಿಂದಿನಿಂದ ಹಾದುಹೋಗುವುದಾದರೆ ಧ್ವನಿ ಕೇಳಿಸುತ್ತ, ಕೈಯನ್ನು ಅದರ ಬೆನ್ನಿನ ಮೇಲೆ ಇರಿಸಿಕೊಂಡೇ ಹೋಗಬೇಕು. ಇದನ್ನು ಯಾರೂ ಹೇಳಿಕೊಡದೆ ಮಕ್ಕಳನ್ನು ಕುದುರೆಯ ಹಿಂದೆ ಓಡಾಡಲು ಬಿಟ್ಟು, ಅದು ಒದ್ದರೆ 'ಪೊಗರಿನ ಕುದುರೆ' ಎನ್ನುತ್ತೇವೆ.

ಅನಂತರ ಮೈ ಉಜ್ಜುವ ಪಾಠ. ಕುದುರೆಯ ಚರ್ಮ ಎಷ್ಟು ಸೂಕ್ಷ್ಮವೆಂದರೆ ಒಂದು ನೊಣ ಕುಳಿತರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುತ್ತದೆ. ಅಂತಹ ಮೈಮೇಲೆ ನಾನು ಹಿತ್ತಾಳೆಯ ಬಿಂದಿಗೆ ಬೆಳಗುವವನಂತೆ ಬ್ರಷ್ಷನ್ನು ಒತ್ತಿದೆ. ಬೆನ್ನಿನ ಮೇಲೆ ಉಜ್ಜಿದಾಗ ಸುಮ್ಮನಿದ್ದ ಚಾಂದನಿ, ಹೊಟ್ಟೆಯ ಬಳಿಗೆ ಕೈ ಬರುತ್ತಲೇ ಎರಡೂ ಕಿವಿಗಳನ್ನು ಹಿಂದಕ್ಕೆ ಮಡಚಿತು. ನಾನು ಗಮನಿಸಲಿಲ್ಲ. ಬಾಲವನ್ನು ಬೀಸಿತು. ಅದನ್ನೂ ನೊಣಕ್ಕೆಂದು ತಿಳಿದೆ. ಹಿಂಗಾಲನ್ನು ಎತ್ತಿ ನೆಲಕ್ಕೆ ಕುಟ್ಟಿದಾಗ ಮಾತ್ರ ಎಚ್ಚೆತ್ತೆ. "ಮೂರು ಸಲ ಹೇಳ್ತು ನೋಡ್ರಿ. ನಾಕನೇ ಸಲ ಒದೀತಿತ್ತು. ಆಮ್ಯಾಲ ನೀವು ಹೇಳ್ತಿದ್ರಿ, ಸುಮ್ಮ ಸುಮ್ಮನ ಒದೀತು ಅಂತ" ಎಂದರು ದಫೇದಾರರು. ಸುಮ್ಮಸುಮ್ಮನೆ ಎಂಬ ಆ ಪದವನ್ನು ಶಾಲೆಯ ಕೊಠಡಿಯಲ್ಲಿ ನಾನು ಎಷ್ಟು ಸಲ ಬಳಸಿದ್ದೇನೋ!

ಎರಡನೆಯ ವಾರ ಮೇಲೇರಿದೆ. ದಫೇದಾರರು ನಡುವೆ ನಿಂತು ಉದ್ದನೆಯ ಹಗ್ಗ ಹಿಡಿದರು, ಕುದುರೆ ಅವರ ಸುತ್ತ ವೃತ್ತದಲ್ಲಿ ನಡೆಯಿತು. ನನಗೆ ಲಗಾಮಿಲ್ಲ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಬೇಕು. ಕೆಲವು ಸುತ್ತುಗಳಾದ ಮೇಲೆ ರಿಕಾಬಿನಿಂದ ಪಾದಗಳನ್ನೂ ತೆಗೆಯಬೇಕು. ಮೊದಲಿಗೆ ಇದು ನನ್ನನ್ನು ಹೆದರಿಸುವ ಆಟವೆಂದೇ ಅನ್ನಿಸಿತು. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿಯೂ ಹೊಸದಾಗಿ ಸೇರಿದವರು ತಿಂಗಳುಗಟ್ಟಲೆ ಹೀಗೆಯೇ ಹಗ್ಗದ ತುದಿಯಲ್ಲಿ, ಲಗಾಮು ರಿಕಾಬುಗಳಿಲ್ಲದೆ ಸುತ್ತುತ್ತಾರೆಂದು ಆಮೇಲೆ ಓದಿ ತಿಳಿದೆ. ಕಾರಣ ಸರಳವಾದದ್ದು. ಲಗಾಮು ಸಿಕ್ಕ ತಕ್ಷಣ ಮನುಷ್ಯ ಅದನ್ನು ಬಸ್ಸಿನ ಕಂಬಿಯಂತೆ ಹಿಡಿದುಕೊಳ್ಳುತ್ತಾನೆ. ಆ ಕಂಬಿಯ ಇನ್ನೊಂದು ತುದಿ ಇರುವುದು ಒಂದು ಪ್ರಾಣಿಯ ಬಾಯಿಯಲ್ಲಿ, ನಾಲಗೆಯ ಮೇಲೆ ಕೂತಿರುವ ಕಬ್ಬಿಣದ ಕಡಿವಾಣದಲ್ಲಿ. ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳಲು ಬಾರದವನು ಪ್ರತಿ ಹೆಜ್ಜೆಗೂ ಆ ಬಾಯನ್ನು ಜಗ್ಗುತ್ತಾನೆ. ಅರ್ಥವಿಲ್ಲದ ಮಾತನ್ನು ದಿನವಿಡೀ ಕಿವಿಯ ಬಳಿ ಕಿರುಚಿದರೆ ಕೇಳುವವನು ಏನು ಮಾಡುತ್ತಾನೆ? ಕಿವುಡನಾಗುತ್ತಾನೆ. ಸವಾರಿ ಶಾಲೆಗಳ ಎಷ್ಟೋ ಮುದಿ ಕುದುರೆಗಳು ಹೀಗೆ ಕಿವುಡಾದವು. ಅವುಗಳನ್ನೇ ನಾವು 'ಮೊಂಡು' ಎನ್ನುವುದು.

ಕೈಗಳು ಖಾಲಿಯಾದಾಗ ಉಳಿದದ್ದು ಮೈ. ನಾನು ಎಡಕ್ಕೆ ನೋಡಿದರೆ ಸೊಂಟ ಎಡಕ್ಕೆ ತಿರುಗುತ್ತದೆ, ಭಾರ ಕೂದಲೆಳೆಯಷ್ಟು ಸರಿಯುತ್ತದೆ, ಕುದುರೆಯ ಎಡಗಿವಿ ಅತ್ತ ತಿರುಗುತ್ತದೆ. ನೆಲವನ್ನು ನೋಡಿದರೆ ಅದು ನಿಧಾನಿಸುತ್ತದೆ. ಉಸಿರು ಬಿಗಿಹಿಡಿದರೆ ಅದರ ಬೆನ್ನೂ ಬಿಗಿಯಾಗುತ್ತದೆ. ಇದು ನನ್ನ ಕಲ್ಪನೆಯಲ್ಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನರು ಕುದುರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಬಾರಿ ನಡೆಸಿಕೊಂಡು ಇಲ್ಲವೇ ಸವಾರಿ ಮಾಡಿಕೊಂಡು ಹೋಗಬೇಕು. ನಾಲ್ಕನೆಯ ಬಾರಿ ಹೊರಡುವ ಮುಂಚೆ, ಈ ಸಲ ನಡುದಾರಿಯಲ್ಲಿ ಒಂದು ಕೊಡೆಯನ್ನು ಬಿಚ್ಚುತ್ತೇವೆ ಎಂದು ಹೇಳಲಾಯಿತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯನ ಎದೆಬಡಿತ ಏರಿತು, ಅದರ ಜೊತೆಗೆ ಕುದುರೆಯ ಎದೆಬಡಿತವೂ ಏರಿತು. ಕೊಡೆಯ ಸುದ್ದಿ ಕುದುರೆಗೆ ಯಾರೂ ಹೇಳಿರಲಿಲ್ಲವಷ್ಟೆ! 'ಭಯವನ್ನು ಮುಚ್ಚಿಡಲು ಹೋಗಬೇಡಿ' ಎಂಬ ದಫೇದಾರರ ಮಾತಿನ ಅರ್ಥ ಆಗ ಆಯಿತು. ಮುಚ್ಚಿಡಲು ಸಾಧ್ಯವೇ ಇಲ್ಲ.

ಇನ್ನು ಲಗಾಮು ಸಿಕ್ಕ ದಿನದ ಕಥೆ. ಅದು ಐದನೆಯ ಪಾಠ. ಅಂಗಳದಲ್ಲಿ ಹಗ್ಗವಿಲ್ಲದೆ ನಡಿಗೆ. ಎರಡು ಸುತ್ತು ಚೆನ್ನಾಗಿ ನಡೆಯಿತು. ಮೂರನೆಯ ಸುತ್ತಿನಲ್ಲಿ ಬೇಲಿಯ ಆಚೆ ಯಾರೋ ಮೋಟಾರ್ ಸೈಕಲ್ ಚಾಲೂ ಮಾಡಿದರು. ಕುದುರೆ ಬೆಚ್ಚಿತೋ ಇಲ್ಲವೋ, ನಾನು ಬೆಚ್ಚಿದೆ. ಲಗಾಮನ್ನು ಎಳೆದು ಗಿಡ್ಡ ಮಾಡಿ ಎದೆಗೆ ಒತ್ತಿಕೊಂಡೆ, ಮಂಡಿಗಳಿಂದ ಅದರ ಪಕ್ಕೆಯನ್ನು ಅವುಚಿದೆ, ಮುಂದಕ್ಕೆ ಬಾಗಿದೆ. ಚಾಂದನಿ ನಡಿಗೆ ಬಿಟ್ಟು ಕುಕ್ಕುಲೋಟಕ್ಕೆ ಹತ್ತಿತು. ನಾನು ಇನ್ನಷ್ಟು ಎಳೆದೆ. ಅದು ಇನ್ನಷ್ಟು ಓಡಿತು. "ನಿಲ್ಲು! ನಿಲ್ಲು!" ಎಂದು ಕೂಗಿದ್ದು ಆ ಹೊಂಗೆಮರದವರೆಗೂ ಕೇಳಿಸಿತೆಂದು ಮೊಮ್ಮಗಳು ಈಗಲೂ ಅಣಕಿಸುತ್ತಾಳೆ. ದಫೇದಾರರು ಮಾತ್ರ ಓಡಿಬರಲಿಲ್ಲ, ನಿಂತಲ್ಲಿಂದಲೇ, "ಕೈ ಸಡಿಲ ಬಿಡ್ರಿ. ಉಸರ ಬಿಡ್ರಿ. ಹಿಂದಕ್ಕ ಕುಂಡ್ರಿ" ಎಂದರು. ಓಡುತ್ತಿರುವ ಕುದುರೆಯ ಲಗಾಮನ್ನು ಸಡಿಲ ಬಿಡುವುದೆಂದರೆ ಬಾವಿಗೆ ಬೀಳುವಾಗ ಹಗ್ಗ ಬಿಟ್ಟಂತೆ. ಆದರೂ ಬೇರೆ ದಾರಿಯಿಲ್ಲದೆ ಬಿಟ್ಟೆ. ನಾಲ್ಕು ಹೆಜ್ಜೆಯೊಳಗೆ ಅದು ನಡಿಗೆಗೆ ಬಂತು, ಇನ್ನೆರಡು ಹೆಜ್ಜೆಗೆ ನಿಂತಿತು. ನಿಂತು, ಕತ್ತು ಚಾಚಿ, ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟಿತು.

ನಡುಗುವ ಕಾಲಿನಲ್ಲಿ ಇಳಿದವನೇ, "ಇದಕ್ಕೆ ಹುಚ್ಚೇ?" ಎಂದು ಕೇಳಿದೆ.

"ಮಾಸ್ತರ್ರ, ಓಡು ಅಂತ ನೀವ ಹೇಳಿದ್ರಿ, ಆಕಿ ಓಡಿದ್ಲು. ಆಕಿದೇನ್ ತಪ್ಪೈತ್ರೀ?"

ರೇಸಿನ ಕುದುರೆಗೆ ಬಿಗಿಯಾದ ಲಗಾಮು 'ನಿಲ್ಲು' ಎಂಬ ಸಂಕೇತವಲ್ಲವಂತೆ. ಅಲ್ಲಿ ಸವಾರ ಲಗಾಮನ್ನು ಗಿಡ್ಡವಾಗಿ ಹಿಡಿದು, ಮುಂದಕ್ಕೆ ಬಾಗಿ ನಿಂತನೆಂದರೆ ಕುದುರೆ ಆ ಹಿಡಿತಕ್ಕೆ ಬಾಯಿ ಒರಗಿಸಿ ಓಡುತ್ತದೆ. ಚಾಂದನಿ ತನ್ನ ಎಳೆಯ ವಯಸ್ಸಿನಲ್ಲಿ ಕಲಿತ ಭಾಷೆ ಅದು. ಆ ಭಾಷೆಯಲ್ಲಿ ನಾನು ಸ್ಪಷ್ಟವಾಗಿ, ವ್ಯಾಕರಣಶುದ್ಧವಾಗಿ, 'ಓಡು, ಓಡು' ಎಂದೆ. ಬಾಯಲ್ಲಿ ಮಾತ್ರ 'ನಿಲ್ಲು' ಎನ್ನುತ್ತಿದ್ದೆ. ಅದು ಯಾವುದನ್ನು ನಂಬಬೇಕು?

ಅಂದು ಸಂಜೆ ಮನೆಯಲ್ಲಿ ಕುಳಿತು ಇದನ್ನೇ ಯೋಚಿಸುತ್ತಿದ್ದಾಗ ನನಗೆ ನೆನಪಾದವನು ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಜರ್ಮನಿಯ ಮೇಷ್ಟರು. ನನ್ನ ಗಣಿತದ ವಿದ್ಯಾರ್ಥಿಗಳಿಗೆ ಒಮ್ಮೆ ಈ ಕಥೆ ಹೇಳಿದ್ದೆ. ಬರ್ಲಿನ್ನಿನ ಈ ನಿವೃತ್ತ ಗಣಿತ ಶಿಕ್ಷಕ ತನ್ನ ಹಾನ್ಸ್ ಎಂಬ ಕುದುರೆಗೆ ಕೂಡುವುದು ಕಳೆಯುವುದನ್ನು ಕಲಿಸಿದ. ಪ್ರಶ್ನೆ ಕೇಳಿದರೆ ಹಾನ್ಸ್ ಸರಿಯುತ್ತರದಷ್ಟು ಬಾರಿ ಗೊರಸಿನಿಂದ ನೆಲವನ್ನು ತಟ್ಟುತ್ತಿತ್ತು. 1904ರಲ್ಲಿ ವಿದ್ವಾಂಸರ ಸಮಿತಿಯೊಂದು ಪರೀಕ್ಷಿಸಿ ಇದರಲ್ಲಿ ಮೋಸವಿಲ್ಲ ಎಂದಿತು. ಮೋಸ ನಿಜವಾಗಿಯೂ ಇರಲಿಲ್ಲ. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಬಹಳ ತಾಳ್ಮೆಯಿಂದ ನೋಡಿ ಗುಟ್ಟನ್ನು ಕಂಡುಹಿಡಿದು 1907ರಲ್ಲಿ ಪ್ರಕಟಿಸಿದ. ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿಲ್ಲ. ಪ್ರಶ್ನೆ ಕೇಳಿದವನು ಕಾಣದಿದ್ದರೂ ಗೊತ್ತಿಲ್ಲ. ಪ್ರಶ್ನೆ ಕೇಳಿದವನು ಗೊರಸನ್ನು ನೋಡಲು ತುಸು ಬಾಗುತ್ತಿದ್ದ, ಹಾನ್ಸ್ ತಟ್ಟಲು ಶುರುಮಾಡುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಅವನ ತಲೆ ತನಗೇ ಅರಿವಿಲ್ಲದೆ ಕಾಣದಷ್ಟು ಮೇಲೇಳುತ್ತಿತ್ತು, ಹಾನ್ಸ್ ನಿಲ್ಲಿಸುತ್ತಿತ್ತು. ಇನ್ನೂ ಸ್ವಾರಸ್ಯವೆಂದರೆ, ಈ ಗುಟ್ಟು ತಿಳಿದ ಮೇಲೆಯೂ ಫುಂಗ್ಸ್ಟ್ ತನ್ನ ತಲೆ ಅಲುಗುವುದನ್ನು ತಡೆಯಲಾರದೆ ಹೋದ!

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ 'ಕುದುರೆಗೆ ಗಣಿತ ಬಾರದು' ಎಂಬಲ್ಲಿಗೆ ಮುಗಿಸಿದ್ದೆ. ನೀವೆಲ್ಲ ನಕ್ಕಿದ್ದಿರಿ. ಈಗ ಕಥೆಯ ಬೇರೊಂದು ತುದಿ ಕಾಣುತ್ತಿದೆ. ಹಾನ್ಸ್ ದಡ್ಡನಲ್ಲ. ತನ್ನ ಮೇಷ್ಟರು ಕಲಿಸಿದ್ದನ್ನೇ ಅದು ಕಲಿತಿತ್ತು. ಅವನು ಗಣಿತ ಕಲಿಸುತ್ತಿದ್ದೇನೆಂದು ತಿಳಿದು ವರ್ಷಗಟ್ಟಲೆ ಕಲಿಸಿದ್ದು ತನ್ನ ಮುಖವನ್ನು ಓದುವುದನ್ನು. ಪಾಪ, ಅವನು 1909ರಲ್ಲಿ ತೀರಿಕೊಂಡ. ನಾನು ಮೂವತ್ತಾರು ವರ್ಷ ಏನನ್ನು ಕಲಿಸಿದೆ? ಹಲಗೆಯ ಬಳಿ ನಿಂತು "ಇದು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?" ಎಂದು ಕೇಳಿದಾಗ, "ಹೆಚ್ಚು..." ಎಂದು ಆರಂಭಿಸಿ, ನನ್ನ ಹುಬ್ಬು ನೋಡಿ, "ಕಡಿಮೆ ಆಗುತ್ತೆ ಸಾರ್" ಎಂದು ಮುಗಿಸುತ್ತಿದ್ದ ಇಡೀ ತರಗತಿ ನನ್ನ ಕಣ್ಣಮುಂದೆ ಬರುತ್ತದೆ. ಅವರೆಲ್ಲ ಪಾಸಾದರು. ನಾನೂ ಒಳ್ಳೆಯ ಮೇಷ್ಟರೆನಿಸಿಕೊಂಡೆ.

ಪಾಸಾಗದವನೊಬ್ಬನಿದ್ದ. ಹೆಸರು ಬರೆಯುವುದಿಲ್ಲ, 1987ನೆಯ ಸಾಲಿನ ಒಂಬತ್ತನೆಯ ತರಗತಿಯವರು ಇದನ್ನು ಓದುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ. ಅವನಿಗೆ ನನ್ನ ಮುಖ ಓದಲು ಬರುತ್ತಿರಲಿಲ್ಲ, ಅಥವಾ ಓದಲು ಇಷ್ಟವಿರಲಿಲ್ಲ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆಯ ಪೆಟ್ಟು ಎಂಬ ಗಾದೆಯನ್ನು ನಾವು ಮೇಷ್ಟರುಗಳು ಆಗ ಎರಡನೆಯ ಯೋಚನೆಯಿಲ್ಲದೆ ನಂಬಿದ್ದೆವು. ಬೆತ್ತ ತೆಗೆದುಕೊಂಡೆ. ಒಂದು ದಿನ ಅವನು ಹೊಡೆತಕ್ಕೆ ಹೆದರಿಯೋ ಏನೋ, ಸಣ್ಣ ಧ್ವನಿಯಲ್ಲಿ ಉತ್ತರದ ಮೊದಲ ಮೆಟ್ಟಿಲನ್ನು ಸರಿಯಾಗಿಯೇ ಹೇಳಿದ. ನಾನು ಬೆತ್ತ ಕೆಳಗಿಡಲಿಲ್ಲ. "ಇಷ್ಟು ದಿನ ಬಾಯಿ ಏನಾಗಿತ್ತು?" ಎಂದು ಇನ್ನೊಂದು ಕೊಟ್ಟೆ. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಆಲೆಮನೆಯೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಹೋಗಿ ಕರೆತರಲಿಲ್ಲ.

ಏಕೆ ಇದನ್ನು ಇಲ್ಲಿ ಬರೆದೆನೆಂದರೆ, ಕುದುರೆಯೊಡನೆ ಮಾತನಾಡುವ ವಿದ್ಯೆಯ ತಿರುಳೆಲ್ಲ ಆ ಒಂದು ಕ್ಷಣದಲ್ಲಿದೆ. ಕಾಲಿನಿಂದ ಮೆಲ್ಲಗೆ ಒತ್ತುತ್ತೇವೆ, ಅದು ಪ್ರಶ್ನೆ. ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕ್ಷಣದಲ್ಲಿಯೇ ಒತ್ತುವುದನ್ನು ನಿಲ್ಲಿಸಬೇಕು. ಅದು 'ಸರಿ' ಎಂಬ ಉತ್ತರ. ಕುದುರೆ ಕಲಿಯುವುದು ಒತ್ತಡದಿಂದ ಅಲ್ಲ, ಒತ್ತಡ ಹೋದ ಗಳಿಗೆಯಿಂದ. ಹೆಜ್ಜೆಯಿಟ್ಟ ಮೇಲೂ ಒದೆಯುತ್ತಲೇ ಇದ್ದರೆ, ಹೆಜ್ಜೆಯಿಟ್ಟದ್ದು ತಪ್ಪೆಂದು ಅದಕ್ಕೆ ಹೇಳಿದಂತಾಗುತ್ತದೆ. ಮೂರು ಸಲ ಹಾಗೆ ಮಾಡಿದರೆ ಅದು ಹೆಜ್ಜೆಯಿಡುವುದನ್ನೇ ಬಿಡುತ್ತದೆ. ದಫೇದಾರರು ಇದನ್ನು ನನ್ನ ಮೊಮ್ಮಗಳಿಗೆ ಹೇಳಿಕೊಡುವಾಗ ಬೇಲಿಯ ಬಳಿ ನಿಂತಿದ್ದ ನನಗೆ ಸ್ವಲ್ಪ ಹೊತ್ತು ಅಲ್ಲಿ ನಿಲ್ಲಲಾಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಮಕ್ಕಳನ್ನು ಸವಾರಿ ಕಲಿಯಲು ಕಳಿಸುವ ಬಂಧುಗಳು, ವಿದ್ಯಾರ್ಥಿಮಿತ್ರರು ಈಗ ಬಹಳ ಮಂದಿ ಇದ್ದೀರಿ. ಬೆಂಗಳೂರು, ಮೈಸೂರುಗಳಲ್ಲಷ್ಟೇ ಅಲ್ಲ, ಸಮುದ್ರದಾಚೆಯೂ ಇದ್ದೀರಿ. ಮೊದಲ ದಿನವೇ ಲಗಾಮು, ಚಾವಟಿಗಳನ್ನು ಮಗುವಿನ ಕೈಗೆ ಕೊಡುವ ಶಾಲೆಯನ್ನು ಒಳ್ಳೆಯ ಶಾಲೆಯೆಂದು ತಿಳಿಯಬೇಡಿ. ಮೊದಲ ಕೆಲವು ವಾರ ಮಗು ಲಾಯದಲ್ಲಿರಲಿ: ಮೈ ಉಜ್ಜಲಿ, ಗೊರಸಿನ ಮಣ್ಣು ತೆಗೆಯಲಿ, ಕುದುರೆಯ ಕಿವಿ ಯಾವಾಗ ಎತ್ತ ತಿರುಗುತ್ತದೆಂದು ನೋಡಲಿ. ಅನಂತರ ಹಗ್ಗದ ತುದಿಯಲ್ಲಿ ಲಗಾಮಿಲ್ಲದೆ ಕೂರಲಿ. ಮಗು ತನ್ನ ಮೈಯಿಂದ ತಾನು ಏನು ಹೇಳುತ್ತಿದ್ದೇನೆಂದು ಅರಿತ ಮೇಲೆ ಲಗಾಮು ಬರಲಿ. ಚಾವಟಿಯ ಮಾತು ಆಮೇಲೆ ನೋಡೋಣ.

ಇದಕ್ಕೆ ಆಕ್ಷೇಪಗಳಿವೆ. ನನ್ನ ಅಳಿಯನೇ ಕೇಳಿದ: "ಒಬ್ಬ ಮಗುವಿಗೆ ಒಬ್ಬ ಗುರು, ಒಂದು ಕುದುರೆ, ಒಂದು ಹಗ್ಗ ಎಂದರೆ ಖರ್ಚು ಯಾರು ಕೊಡುತ್ತಾರೆ ಮಾವ?" ನ್ಯಾಯವಾದ ಪ್ರಶ್ನೆ. ಶಾಲೆಯವರಿಗೂ ಹುಲ್ಲು, ಹುರುಳಿ, ಲಾಳ, ಸೈಸರ ಸಂಬಳ ಎಲ್ಲವೂ ಆಗಬೇಕು. ಮೂರು ವಾರದಲ್ಲಿ ಮಗು ಓಡಿಸದಿದ್ದರೆ ತಂದೆತಾಯಿಗಳು ಬೇರೆ ಶಾಲೆ ಹುಡುಕುತ್ತಾರೆ. ಇದಕ್ಕೆ ನನ್ನ ಉತ್ತರ, ತಪ್ಪು ಅವರದಷ್ಟೇ ಅಲ್ಲ, ಬೇಲಿಯಾಚೆ ಮೊಬೈಲು ಹಿಡಿದವರದೂ ಹೌದು. ಹತ್ತು ತರಗತಿಗೆ ಹಣ ಕಟ್ಟುವವರು ಮೊದಲ ನಾಲ್ಕನ್ನು ನೆಲದ ಮೇಲೆ ಕಳೆಯಲು ಒಪ್ಪಿದರೆ ಕಲಿಸುವವರು ಬೇಡವೆನ್ನುವುದಿಲ್ಲ. ಲಾಯದ ಪಾಠವನ್ನು ಆರು ಮಕ್ಕಳಿಗೆ ಒಟ್ಟಿಗೆ ಹೇಳಬಹುದು, ಅದಕ್ಕೆ ಒಂದೇ ಕುದುರೆ ಸಾಕು.

ಇನ್ನೊಂದು ಕಡೆಯವರಿಗೂ ಒಂದು ಮಾತು. ಕುದುರೆಗೆ ಪ್ರೀತಿಯೊಂದಿದ್ದರೆ ಸಾಕು, ಕಿವಿಯಲ್ಲಿ ಪಿಸುಗುಟ್ಟಿದರೆ ಎಲ್ಲವನ್ನೂ ಮಾಡುತ್ತದೆ ಎಂದು ನಂಬಿದವರಿದ್ದಾರೆ. 1998ರಲ್ಲಿ ಬಂದ 'ದಿ ಹಾರ್ಸ್ ವಿಸ್ಪರರ್' ಎಂಬ ಸಿನಿಮಾದ ಪ್ರಭಾವವೋ ಏನೋ. ನನ್ನ ಮೊಮ್ಮಗಳೂ ಮೊದಲು ಹಾಗೆಯೇ ಕ್ಯಾರೆಟ್ ತಿನ್ನಿಸಿ, ಮುದ್ದಿಸಿ, ಮುತ್ತಿಟ್ಟು, ಆಮೇಲೆ ಮೇಲೇರಿದರೆ ಚಾಂದನಿ ಕದಲಲಿಲ್ಲ. ಅವಳಿಗೆ ಅಳು ಬಂತು. ಅವಳ ಕಾಲಿನ ಒತ್ತು ಸೊಳ್ಳೆ ಕುಳಿತಷ್ಟೇ ಇದ್ದು, ಅದೂ ಎಡೆಬಿಡದೆ ಇದ್ದು, ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ಒಮ್ಮೆ ಸ್ಪಷ್ಟವಾಗಿ ಕೇಳು, ಉತ್ತರ ಬಂದೊಡನೆ ಬಿಡು ಎಂದರು ದಫೇದಾರರು. ಕೇಳಿದಳು. ಹೊರಟಿತು. ದೃಢತೆ ಬೇಕು, ಇಲ್ಲವೆಂದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫನ್ ಅಶ್ವಾರೋಹಣದ ಮೇಲೆ ಬರೆದ ಪುಸ್ತಕದಲ್ಲಿ ಕೋಪ ಬಂದಾಗ ಕುದುರೆಯ ಬಳಿ ಹೋಗಲೇಬಾರದು ಎನ್ನುತ್ತಾನೆ. ಅವನು ಯುದ್ಧಗಳನ್ನು ಕಂಡ ಸೈನಿಕ, ಮೃದುಹೃದಯದ ಕವಿಯಲ್ಲ.

ನನ್ನ ಬಾಲ್ಯದ ಜಟಕಾ ಸಾಬರ ಕೈಯಲ್ಲೂ ಚಾವಟಿ ಇರುತ್ತಿತ್ತು. ರೈಲು ನಿಲ್ದಾಣದಿಂದ ನಮ್ಮ ಬೀದಿಯವರೆಗೆ ಅವರ ಪಕ್ಕದಲ್ಲಿ ಕೂರುವ ಹಕ್ಕಿಗಾಗಿ ಅಣ್ಣತಮ್ಮಂದಿರು ಜಗಳವಾಡುತ್ತಿದ್ದೆವು. ಅವರು ನಾಲಗೆಯನ್ನು ಅಂಗುಳಕ್ಕೆ ತಾಗಿಸಿ 'ಟಕ್ ಟಕ್' ಎಂದರೆ ಗಾಡಿ ಹೊರಡುತ್ತಿತ್ತು. ಚಾವಟಿಯ ಹಿಡಿಯನ್ನು ಗಾಲಿಯ ಅರೆಕಾಲುಗಳಿಗೆ ತಾಕಿಸಿ ಕಟಕಟ ಸದ್ದು ಮಾಡಿ ಜನರನ್ನು ಸರಿಸುತ್ತಿದ್ದರು. ಕುದುರೆಯ ಮೈಗೆ ಅದು ತಾಕಿದ್ದನ್ನು ನಾನು ನೋಡಿದ ನೆನಪಿಲ್ಲ. ಎಲ್ಲ ಜಟಕಾದವರೂ ಹಾಗೆ ಇದ್ದರೆಂದು ಹೇಳಲಾರೆ, ಏರಿನಲ್ಲಿ ಕುದುರೆಯನ್ನು ಬಾಸುಂಡೆ ಬರುವಂತೆ ಹೊಡೆದವರನ್ನೂ ಕಂಡಿದ್ದೇನೆ.

ಕಳೆದ ಭಾನುವಾರದ ಪಾಠ ನನ್ನ ಹದಿನಾಲ್ಕನೆಯದು. ಲಗಾಮನ್ನು ಉದ್ದವಾಗಿ ಬಿಟ್ಟು, ನಡಿಗೆಯಲ್ಲಿ ಎರಡು ಸುತ್ತು ಹಾಕಿ, ಮರದ ಕೆಳಗಿನ ಆ ಪ್ಲಾಸ್ಟಿಕ್ ಕುರ್ಚಿಯ ನೇರಕ್ಕೆ ಬಂದಾಗ ನಿಲ್ಲಬೇಕೆಂದು ದಫೇದಾರರು ಹೇಳಿದರು. ಎಳೆಯಕೂಡದು, ಮಾತನಾಡಕೂಡದು. ಮೊದಲ ಸಲ ಕುರ್ಚಿಯನ್ನು ದಾಟಿಹೋದೆವು. ಎರಡನೆಯ ಸಲವೂ ದಾಟಿದೆವು. ನಾನು ಒಳಗೊಳಗೇ 'ನಿಲ್ಲುತ್ತದೋ ಇಲ್ಲವೋ' ಎಂದು ಉಸಿರು ಹಿಡಿದಿದ್ದೆ. ಮೂರನೆಯ ಸಲ ಬೆನ್ನು ನೆಟ್ಟಗೆ ಮಾಡಿ, ಭಾರ ಇಳಿಬಿಟ್ಟು, ಉಸಿರು ಹೊರಗೆ ಬಿಟ್ಟೆ. ಚಾಂದನಿ ನಿಂತಿತು. ಒಂದು ಕಿವಿ ನನ್ನ ಕಡೆಗೆ ತಿರುಗಿ, ಮುಂದೇನೆಂದು ಕೇಳುವಂತೆ ಹಾಗೆಯೇ ಇತ್ತು. ಮುಂದೇನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ, ಹಾಗಾಗಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆವು. "ತಾತ, ಇಳಿ, ನನ್ನ ಸರದಿ" ಎಂದು ಮೊಮ್ಮಗಳು ಕೂಗಿದಳು.

1987ರ ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹುಡುಗ ಈಗ ಎಲ್ಲಿದ್ದಾನೆಂದು ತಿಳಿದಿದ್ದರೆ, ದಯವಿಟ್ಟು ನನಗೆ ತಿಳಿಸಿ. ಅವನಿಗೂ ಈಗ ಐವತ್ತು ದಾಟಿರಬೇಕು. ಬಸ್ಸಿನಲ್ಲಿ ಹೋಗಿಬರುವಷ್ಟು ಶಕ್ತಿ ನನಗಿನ್ನೂ ಇದೆ.